ಅಜ್ಜಿಗೆ ಕೇಳಿಸಿದ ಸೀರೆ

ಮೊಳಕಾಲ್ಮೂರಿನ ಜಂಬುಲಿಂಗಪ್ಪ ರೇಷ್ಮೆ ಸೀರೆ ನೇಯುವವರ ಸಂಘಕ್ಕೆ ವೆಬ್‌ಸೈಟ್ ಮಾಡಿಸಿದ್ದ. ಮಾಡಿಸಿದ್ದೇನು, ಫ್ಲೆಕ್ಸ್ ಅಂಗಡಿಯವನಿಂದ ಒಂದು ದೊಡ್ಡ ಚಿತ್ರ ಬರೆಸಿ ಅದನ್ನೇ ತಂದು ಅಂಟಿಸಿದ್ದ. ಸೀರೆ, ಸೀರೆಯ ಹೆಸರು, ಫೋನ್ ನಂಬರ್ ಎಲ್ಲವೂ ಆ ಚಿತ್ರದೊಳಗೆ, ಬಂಗಾರದ ಬಣ್ಣದ ಅಕ್ಷರದಲ್ಲಿ.

ಅವನ ತಾಯಿ ತಿಪ್ಪೇರುದ್ರಮ್ಮ ನಲವತ್ತು ವರ್ಷ ಮಗ್ಗದಲ್ಲಿ ಕೂತವಳು. ಕಣ್ಣು ಹೋಗಿ ಮೂರು ವರ್ಷ. ಒಂದೊಂದು ಸೀರೆಯ ಹೆಸರನ್ನೂ ಅವಳೇ ನೆನಪಿನಿಂದ ಹೇಳಿ ಬರೆಸಿದ್ದಳು. ಅದು ಸರಿಯಾಗಿ ಬಿದ್ದಿದೆಯೇ ಎಂದು ತಾನೇ ಕೇಳಬೇಕೆಂಬುದು ಅವಳ ಹಟ. ಅವಳ ಫೋನು ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತದೆ. ವೆಬ್‌ಸೈಟ್ ತೆರೆದರೆ ಅದು "ಚಿತ್ರ" ಎಂದಷ್ಟೇ ಹೇಳಿ ಸುಮ್ಮನಾಯಿತು.

"ನಾನು ಓದ್ತೀನಿ ಬಿಡವ್ವ."

"ಮದುವೆ ಕಾಗದ ಓದಿ ತಾರೀಖು ತಪ್ಪಿಸಿದವನು ನೀನು."

ಸೊಸೆ ದಾಕ್ಷಾಯಿಣಿ ಚಳ್ಳಕೆರೆಯ ಗೆಳತಿ ಹೀನಾಳನ್ನು ಕರೆಸಿದಳು. ಮೆಕ್ಯಾನಿಕ್ ಮಸ್ತಾನ್ ಸಾಬರ ಮಗಳು, ವೆಬ್‌ಸೈಟ್ ಮಾಡುವುದೇ ಅವಳ ಕೆಲಸ.

"ಜಂಬಣ್ಣ, ಇದು ವೆಬ್‌ಸೈಟಲ್ಲ. ಫ್ಲೆಕ್ಸು."

"ಚೆಂದ ಐತಲ್ಲಮ್ಮ."

"ಹತ್ತಡಿ ಗೋಡೆ ಮೇಲೆ ಚೆಂದ. ಫೋನಿನಾಗೆ ಕುಗ್ಗಿ ನಿಮ್ಮ ನಂಬರೇ ಕಾಣಲ್ಲ. ಚಿತ್ರದೊಳಗಿನ ಅಕ್ಷರ ಅಜ್ಜಿ ಫೋನಿಗೆ ಬರೀ ಬಣ್ಣ. ಸೀರೆ ಒಡಲಿಗೆ ಒಂದು ಲಾಳಿ, ಅಂಚಿಗೆ ಬೇರೆ ಲಾಳಿ ಹಾಕ್ತೀರಲ್ಲ, ಹಂಗೇ ಇದೂ. ಒಡಲು ಎಚ್‌ಟಿಎಂಎಲ್. ಇದು ತಲೆಬರಹ, ಇದು ಪಟ್ಟಿ ಅಂತ ಅದು ಹೇಳ್ತೈತೆ. ಅಂಚು ಸಿಎಸ್‌ಎಸ್. ಬಣ್ಣ, ಅಳತೆ ಎಲ್ಲಾ ಅದರಾಗೆ. ಎರಡೂ ಬೇರೆ ಬೇರೆ ಫೈಲು."

"ಅಷ್ಟು ಕಷ್ಟ ಯಾಕೆ? ಅಂಟಿಸಿದ್ರೆ ಮುಗೀತಲ್ಲ."

"ಅಂಚು ಅಂಟಿಸಿದ ಸೀರೆ ಮಾರ್ತೀರಾ?"

ಜಂಬುಲಿಂಗಪ್ಪ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ.

ಹೀನಾ ಫ್ಲೆಕ್ಸಿನಲ್ಲಿದ್ದ ಹೆಸರುಗಳನ್ನೆಲ್ಲ ಅಕ್ಷರವಾಗಿ ಟೈಪು ಮಾಡಿದಳು. ಸೀರೆಗಳ ಫೋಟೋಗಳನ್ನು ಬೇರೆ ಬೇರೆಯಾಗಿ ಹಾಕಿ, ಪ್ರತಿಯೊಂದಕ್ಕೂ ಒಂದು ಸಾಲಿನ ವಿವರಣೆ ಕೊಟ್ಟಳು. ಪುಟದ ಭಾಷೆ ಕನ್ನಡವೆಂದು ಗುರುತು ಹಾಕಿದಳು. ಅದಿಲ್ಲದಿದ್ದರೆ ಫೋನು ಬೇರೆ ಭಾಷೆಯ ದನಿಯಲ್ಲಿ ತೊದಲಬಹುದು. ಅಗಲವನ್ನು ಪರದೆಗೆ ತಕ್ಕಂತೆ ಹೊಂದುವ ಹಾಗೆ ಬರೆದಳು. ಕೊನೆಗೆ, "ಈಗ ನೋಡ್ರಿ," ಎಂದು ಸಿಎಸ್‌ಎಸ್‌ನ ಒಂದೇ ಸಾಲು ಬದಲಿಸಿದಳು. ಮೂವತ್ತೆರಡು ಸೀರೆಯ ತಲೆಬರಹಗಳೂ ಒಟ್ಟಿಗೇ ಕೆಂಪಾದವು.

ಜಂಬುಲಿಂಗಪ್ಪ ಎದ್ದು ನಿಂತ. ಅವನ ಮಗ್ಗದಲ್ಲಿ ಒಡಲಿನ ಬಣ್ಣ ಬದಲಾಗಬೇಕೆಂದರೆ ಉದ್ದ ಎಳೆಗಳ ಹಾಸಿನಿಂದಲೇ ಹೊಸದಾಗಿ ಶುರು ಮಾಡಬೇಕು.

"ಒಂದೇ ಸಾಲಾ?"

"ಒಂದೇ."

"ಇನ್ನೊಂದ್ಸಲ ಮಾಡಮ್ಮ."

ನಾಲ್ಕು ಸಲ ಮಾಡಿಸಿದ.

ಆಮೇಲೆ ಫೋನು ಅಜ್ಜಿಯ ಕೈಗೆ ಹೋಯಿತು. "ತಲೆಬರಹ, ರುದ್ರಾಕ್ಷಿ ಅಂಚು. ಚಿತ್ರ, ಕೆಂಪು ಒಡಲು, ಹಸಿರು ಅಂಚು." ಫೋನು ಒಂದೊಂದಾಗಿ ಓದಿತು. ಹದಿನಾಲ್ಕನೆಯ ಸೀರೆಗೆ ಅಜ್ಜಿ ಕೈ ಎತ್ತಿದಳು.

"ಲೇ ಜಂಬ್ಯಾ, ಹಂಸದ ಸೆರಗು ಅಂತೈತಲ್ಲ. ಹದಿನಾಲ್ಕನೇದು ನವಿಲು ಅಂತ ಬರೆಸಿದ್ದೆ. ನಾನೇ ನೇಯ್ದಿದ್ದು."

ಫೋಟೋ ನೋಡಿದರು. ನವಿಲೇ. ಫ್ಲೆಕ್ಸಿನವನು ಬರೆದ ತಪ್ಪನ್ನು ಮೂರು ತಿಂಗಳಿಂದ ಕಣ್ಣಿದ್ದವರು ಯಾರೂ ಕಂಡಿರಲಿಲ್ಲ. ಹೀನಾ ಆ ಪದವೊಂದನ್ನೇ ಅಳಿಸಿ ಸರಿಯಾಗಿ ಬರೆದಳು. ಚಿತ್ರವನ್ನು ಮತ್ತೆ ಮಾಡಿಸಬೇಕಾಗಲಿಲ್ಲ. ಫೋನು "ನವಿಲಿನ ಸೆರಗು" ಎಂದಿತು.

"ಹೂಂ," ಅಂದಳು ಅಜ್ಜಿ. "ಮುಂದಿಂದು ಓದ್ಲಿ."

ನಿಮ್ಮ ಸಂಘದ ವೆಬ್‌ಸೈಟನ್ನು ಇವತ್ತೇ ಫೋನಿನಲ್ಲಿ ತೆರೆಯಿರಿ. ಯಾವುದಾದರೂ ಒಂದು ಹೆಸರಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ಅಕ್ಷರ ಆಯ್ಕೆಯಾಗದಿದ್ದರೆ ಅದು ಚಿತ್ರವಿರಬಹುದು. ಮಾಡಿದವರನ್ನು ಕರೆದು ಅಕ್ಷರವಾಗಿಯೇ ಬರೆಸಿ, ಬಣ್ಣ ಅಳತೆಗಳನ್ನು ಬೇರೆ ಫೈಲಿನಲ್ಲಿ ಇಡಿಸಿ. ಆಮೇಲೆ ಗಟ್ಟಿಯಾಗಿ ಓದುವ ಫೋನಿನಲ್ಲಿ ಅದನ್ನು ತೆರೆದು ಕಣ್ಣು ಕಾಣದವರೊಬ್ಬರ ಕೈಗೆ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕೂತು ಕೇಳಿ.