ಗೂಢಭಾಷೆ ಬಾರದ ಷಡ್ಡಕ

ಎದುರಿಗಿದ್ದವರು ಮಾತಾಡುವಾಗ ತಲೆಯಾಡಿಸದೆ ಕೇಳುವ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಕಂಡಿದ್ದೇನೆ. ನನ್ನ ಗ್ರಹಚಾರಕ್ಕೆ ಅವನು ನನ್ನ ಷಡ್ಡಕನೇ ಆಗಿಬಿಟ್ಟ. ನಾವೆಲ್ಲ ಅರ್ಧ ಕೇಳಿ ಪೂರ್ತಿ ತಲೆದೂಗುವವರು. ಸೌಜನ್ಯಕ್ಕೆಂದು ಕಟ್ಟುವ ಆ ಸಣ್ಣ ತೆರಿಗೆಯನ್ನು ಅವನು ಯಾರಿಗೂ ಎಂದೂ ಕಟ್ಟಲಿಲ್ಲ. ಕತ್ತು ನೆಟ್ಟಗೆ, ಕಣ್ಣು ಮಾತಾಡುವವರ ತುಟಿಯ ಮೇಲೆ, ಮುಖದಲ್ಲಿ ಒಪ್ಪಿಗೆಯೂ ಇಲ್ಲ, ವಿರೋಧವೂ ಇಲ್ಲ. ಮಾತು ಮುಗಿದ ಮೇಲೆ ಒಂದು ಸಣ್ಣ ಉಸಿರು ತೆಗೆದುಕೊಂಡು, "ಇರಬಹುದು," ಎನ್ನುತ್ತಿದ್ದ. ಆ ಒಂದು ಪದಕ್ಕೆ ಹೆದರಿ ನಮ್ಮ ಬಂಧುಬಳಗದಲ್ಲಿ ಎಷ್ಟೋ ಸೊಗಸಾದ ಕಥೆಗಳು ಗಂಟಲಲ್ಲೇ ಸತ್ತುಹೋಗಿವೆ.

ಅವನ ನಡಿಗೆಯೂ ಆ ಪದದ ಹಾಗೆಯೇ ಇತ್ತು. ಹಿಮ್ಮಡಿಯನ್ನು ಮೊದಲು ಊರಿ, ನೆಲ ಇದೆಯೆಂದು ಖಾತ್ರಿಯಾದ ಮೇಲೆ ಉಳಿದ ಪಾದಕ್ಕೆ ಅಪ್ಪಣೆ ಕೊಡುವವನಂತೆ ನಡೆಯುತ್ತಿದ್ದ. ಆದರೂ ಸೋಜಿಗವೆಂದರೆ, ದಾಪುಗಾಲು ಹಾಕುವ ನನಗಿಂತ ಮೊದಲೇ ತಲುಪಿರುತ್ತಿದ್ದ. ಮೈಮೇಲೆ ಸದಾ ಒಂದು ಬೂದುಬಣ್ಣದ ಕೋಟು. ಹೊಸ ಕೋಟಿನ ಜೇಬಿಗೆ ಅಂಗಡಿಯವರು ಹಾಕಿರುತ್ತಾರಲ್ಲ ಹೊಲಿಗೆ, ಅದನ್ನು ಅವನು ಬಿಚ್ಚಿರಲೇ ಇಲ್ಲ. ಕೇಳಿದರೆ, "ಬಿಚ್ಚಿದ್ರೆ ಏನಾದ್ರೂ ತುಂಬಬೇಕು ಅನ್ಸುತ್ತೆ," ಎಂದ. ನನ್ನ ಕೋಟುಗಳ ಜೇಬುಗಳೆಲ್ಲ ತುಂಬಿ ಜೋಲುಬಿದ್ದಿದ್ದವು. ಅವನ ಕೋಟು ವರ್ಷಗಳುರುಳಿದರೂ ನಿನ್ನೆ ತಂದಂತೆ ನೆಟ್ಟಗಿತ್ತು. ಕೂದಲೂ ಅಷ್ಟೇ. ನನಗಿಂತ ಬರೀ ನಾಲ್ಕು ವರ್ಷ ಚಿಕ್ಕವನು, ತಲೆಯಲ್ಲಿ ಒಂದು ಬಿಳಿಗೂದಲಿಲ್ಲ. ವ್ಯಕ್ತಿಚಿತ್ರ ಬರೆಯುವವನು ನಿರ್ಮಮನಾಗಿರಬೇಕೆಂದು ಬಲ್ಲವರು ಹೇಳುತ್ತಾರೆ. ಹಾಗೆ ಹೇಳಿದವರಿಗೆ ಷಡ್ಡಕರಿರಲಿಲ್ಲವೆಂದು ಕಾಣುತ್ತದೆ.

ಅವನ ಕಸುಬು ಭಾಷೆ ಕಲಿಸುವುದು. ಗಡಿಯಾಚೆಯ ಆ ದೊಡ್ಡ ದೇಶದ ಭಾಷೆಯನ್ನು ನಮ್ಮೂರಿನ ಕಾಲೇಜಿನಲ್ಲಿ ಎರಡನೆಯ ಮಹಡಿಯ ಮೂಲೆಯ ಕೊಠಡಿಯಲ್ಲಿ ಕಲಿಸುತ್ತಿದ್ದ. ನನ್ನದು ಪತ್ರಿಕೆ, ವಾರಕ್ಕೊಂದು ಅಂಕಣ. ನಾನು ಹಿರಿಯಳನ್ನು ಮದುವೆಯಾದವನು, ಅವನು ಕಿರಿಯಳನ್ನು. ಅವನು ಬರುವ ತನಕ ಮಾವನ ಮನೆಯಲ್ಲಿ ಅಳಿಯನೆಂದರೆ ನಾನೇ.

ನಮ್ಮ ಮಾವ ತಮ್ಮ ಪಕ್ಷಕ್ಕಾಗಿ ಆಯುಷ್ಯ ಸವೆಸಿದವರು. ಯೌವನದಲ್ಲಿ ಒಂದು ಗಲಭೆಯನ್ನು ಬರಿಯ ಭಾಷಣದಿಂದ ನಿಲ್ಲಿಸಿದ ಪ್ರಸಂಗವನ್ನು ಅವರು ಹೇಳುತ್ತಿದ್ದರೆ ಮೈ ಝುಂ ಎನ್ನುತ್ತಿತ್ತು. ಅಥವಾ ಝುಂ ಎಂದಂತೆ ನಾನು ಕೂರುತ್ತಿದ್ದೆ. ಉನ್ಮತ್ತ ಜನಸಾಗರ, ಅದರ ನಡುವೆ ಕುರ್ಚಿಯ ಮೇಲೆ ನಿಂತ ಏಕಾಂಗಿ ತರುಣ. ಹೊಸ ಅಳಿಯ ಮೊದಲ ಸಲ ಆ ಕಥೆ ಕೇಳಿದಾಗ ಅತ್ತೆ, ಹೆಣ್ಣುಮಕ್ಕಳು, ನಾನು ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದೆವು. ಅವನು ವಿನಯದಿಂದಲೇ ಕೇಳಿದ: "ಎಷ್ಟು ಜನ ಇದ್ರು, ಮಾವ?"

ಮಾವ ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಒಂದು ಇಪ್ಪತ್ತು ಜನ ಇದ್ರೇನೋ ಕಣಯ್ಯ! ಅದರಲ್ಲಿ ನಾಲ್ಕೈದು ಜನ ನಮ್ಮೋರೇ!" ಎಷ್ಟು ವರ್ಷದ ಭಾರವನ್ನು ಆ ನಗುವಿನಲ್ಲಿ ಇಳಿಸಿದರೋ ಕಾಣೆ, ಅಂದಿನಿಂದ ಯಾವ ವಿಷಯ ಬಂದರೂ, "ಅವನೇನಂತಾನೆ ಕೇಳಿ," ಎನ್ನುವುದು ಅವರಿಗೆ ಅಭ್ಯಾಸವಾಯಿತು. ವರ್ಷಾನುಗಟ್ಟಲೆ ತಲೆದೂಗಿ ನಾನು ಗಳಿಸಿದ್ದನ್ನು ಅವನು ಒಂದು ಪ್ರಶ್ನೆಯಲ್ಲಿ ಎತ್ತಿಕೊಂಡು ಹೋದ.

ಇಳಿವಯಸ್ಸಿನಲ್ಲಿ ಮಾವನಿಗೆ ಪಕ್ಷ ಕೊನೆಗೂ ರಾಷ್ಟ್ರೀಯ ಚುನಾವಣೆಯ ಟಿಕೆಟು ಕೊಟ್ಟಿತು. ನಾನು ನನ್ನ ಅಂಕಣಗಳನ್ನು ಅವರ ಪಾದಕ್ಕೆ ಸಮರ್ಪಿಸಿದೆ. ಷಡ್ಡಕ ರಜೆ ಹಾಕಿ ಮನೆಮನೆಗೆ ಹೋದ. ಮೆಟ್ಟಿಲು ಹತ್ತಿ ಬಾಗಿಲು ತಟ್ಟಿ, ಬೈಸಿಕೊಂಡು, ನೀರು ಕೇಳಿ ಕುಡಿದು, ಮುಂದಿನ ಬಾಗಿಲಿಗೆ ಹೋಗುತ್ತಿದ್ದ. ಮಾವ ಸೋತರು, ಸೋಲೆಂದರೆ ಅಂತಿಂಥ ಸೋಲಲ್ಲ, ಸ್ವಂತ ಬೀದಿಯ ಮತಗಟ್ಟೆಯಲ್ಲೇ ಹಿಂದೆ ಬಿದ್ದಿದ್ದರು. ದೇಶದಾದ್ಯಂತ ಪಕ್ಷವೂ ಮಕಾಡೆ ಮಲಗಿತು. ಮಾವ ಗಡ್ಡ ಬಿಟ್ಟುಕೊಂಡು ಒಳಕೋಣೆ ಸೇರಿದರು. ಅತ್ತೆ ಕಿಟಕಿ ತೆರೆದರೆ ಅವರು ಮುಚ್ಚುತ್ತಿದ್ದರು.

ಆಗ ಆ ಮಾತು ಹುಟ್ಟಿತು: ಇದು ನಮ್ಮ ಜನ ಕೊಟ್ಟ ತೀರ್ಪಲ್ಲ, ಗಡಿಯಾಚೆಯ ಆ ದೇಶ ಒಳಗೆ ಕೈಯಾಡಿಸಿದೆ. ಯಾರು ಮೊದಲು ಅಂದರೋ ತಿಳಿಯದು. ಆದರೆ ಅದು ಸೋತವರ ಮನೆಗಳಿಗೆ ಔಷಧಿಯಂತೆ ತಲುಪಿತು. ನಾನೂ ಬರೆದೆ, ಕಣ್ಣಿಗೆ ಕಾಣದ ಕೈಯೊಂದರ ವಿಷಯ, ಬಲು ಸೊಗಸಾಗಿಯೇ ಬರೆದೆ. ಟೀವಿಯವರು ಕರೆದರು, ಬಸ್ಸಿನಲ್ಲಿ ಅಪರಿಚಿತರು ಎದ್ದು ಸೀಟು ಬಿಟ್ಟುಕೊಟ್ಟರು. ಎಲ್ಲಕ್ಕಿಂತ ಮಿಗಿಲಾಗಿ, ಮಾವ ಗಡ್ಡ ಬೋಳಿಸಿಕೊಂಡು ನಡುಮನೆಗೆ ಬಂದು ಕೂತರು. ನನ್ನ ಅಂಕಣವನ್ನು ಬಂದವರಿಗೆಲ್ಲ ಓದಿಸಿ, "ನಮ್ಮ ದೊಡ್ಡ ಅಳಿಯಂದ್ರು," ಎಂದರು. ಆ ಕೆಲವು ವಾರಗಳಷ್ಟು ಸುಖವಾಗಿ ನಾನು ಆ ಮನೆಯಲ್ಲಿ ಎಂದೂ ಕೂತಿರಲಿಲ್ಲ. ಷಡ್ಡಕ ಬಾಗಿಲ ಬಳಿಯ ಮಣೆಯಂಥ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಕೇಳಿ, "ಇರಬಹುದು," ಎಂದು ಎದ್ದು ಹೋಗುತ್ತಿದ್ದ.

ಒಂದು ಮಧ್ಯಾಹ್ನ ಪಕ್ಷದ ಕಾರ್ಯದರ್ಶಿ ಬೆವರು ಒರೆಸಿಕೊಳ್ಳುತ್ತ ಬಂದರು. ಅವರ ಫೋನಿನಲ್ಲಿ ಒಂದು ಧ್ವನಿಮುದ್ರಣ ಇತ್ತು: ಇಬ್ಬರು ಗಂಡಸರು ಆ ದೇಶದ ಭಾಷೆಯಲ್ಲಿ ಬಿರುಸಾಗಿ ಮಾತಾಡುತ್ತಿದ್ದರು, ನಡುವೆ ನಮ್ಮ ರಾಜಧಾನಿಯ ಹೆಸರು ಒಮ್ಮೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಇನ್ನೇನು ಬೇಕು? ಪತ್ರಿಕಾಗೋಷ್ಠಿ ಮರುದಿನ, ಅರ್ಥ ಹೇಳಲು ಭಾಷೆ ಬಲ್ಲ ಮೇಷ್ಟ್ರು, ಅದೂ ಅಭ್ಯರ್ಥಿಯ ಸ್ವಂತ ಅಳಿಯ! ನನಗೆ ಒಳಗೇ ಚುರುಕ್ಕೆಂದಿತು. ಇಷ್ಟು ದಿನ ನಾನು ಹೊತ್ತು ತಂದ ಮೆರವಣಿಗೆಯ ಮುಂದೆ ಕೊನೆಗೆ ಅವನೇ ಕುದುರೆಯೇರುತ್ತಾನಲ್ಲ ಎಂದು.

ನಡುಮನೆಯ ತುಂಬ ಜನ. ಅವನು ಫೋನನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಕೇಳಿದ. ಮತ್ತೆ ಹಾಕಿಸಿ ಕೇಳಿದ. ಆಮೇಲೆ ಫೋನನ್ನು ಮೇಜಿನ ಮೇಲೆ ಮೆಲ್ಲನೆ ಇಟ್ಟ.

"ಇಬ್ಬರು ವ್ಯಾಪಾರದವರು ಜಗಳ ಆಡ್ತಿದಾರೆ. ಗೋದಾಮಿನ ಬೀಗದ ಕೈ ಕಳೆದುಹೋಗಿದೆ. ಕೊನೇಲಿ ಯಾರ ಹತ್ರ ಇತ್ತು ಅಂತ ಜಗಳ. ಅವರಲ್ಲೊಬ್ಬ ಆವತ್ತು ನಮ್ಮ ರಾಜಧಾನೀಲಿ ಇದ್ನಂತೆ."

ಕಾರ್ಯದರ್ಶಿ ಫೋನನ್ನು ಮತ್ತೆ ಅವನತ್ತ ಸರಿಸಿದರು. "ಬೀಗದ ಕೈ ಅಂದ್ರೆ... ಅದು ಗೂಢಭಾಷೆ ಇರಬಹುದಲ್ವಾ, ಮೇಷ್ಟ್ರೇ?"

"ಇರಬಹುದು. ಗೂಢಭಾಷೆ ನನಗೆ ಬರಲ್ಲ. ನನಗೆ ಬರೋದು ಬರೀ ಭಾಷೆ."

ಯಾರೋ ಕಿಸಕ್ಕೆಂದರು, ಮರುಕ್ಷಣ ನಗು ಅಡಗಿತು, ಏಕೆಂದರೆ ಮಾವ ಎದ್ದು ನಿಂತಿದ್ದರು. "ಹಾಗಾದ್ರೆ ನನ್ನನ್ನ ಯಾರಯ್ಯ ಸೋಲಿಸಿದ್ದು?"

ನಾನು ಅವನ ತೋಳು ಹಿಡಿದು ಎಳೆದೆ. ಒಂದು 'ಗೊತ್ತಿಲ್ಲ' ಸಾಕಿತ್ತು. ಯಾವ ಸಂಸಾರಸ್ಥನಾದರೂ ಹೇಳಿಬಿಡುತ್ತಿದ್ದ. ಅವನು ಮಾವನನ್ನೇ ನೋಡುತ್ತ, ಹೊರಗೆ ಕೇಳಿಸದಷ್ಟು ಮೆಲುದನಿಯಲ್ಲಿ ಹೇಳಿದ: "ನಮ್ಮ ಬೀದಿಯವರು, ಮಾವ. ನಾನು ಅವರ ಮನೆಗೆಲ್ಲ ಹೋಗಿದ್ನಲ್ಲ. ಆಸ್ಪತ್ರೆಗೆ ಹೋಗೋ ಬಸ್ಸು ನಿಂತುಹೋದಾಗ ನೀವು ಬಂದು ಒಂದು ಮಾತು ಕೇಳಲಿಲ್ಲ ಅಂತ ಅವರಿಗೆ ಬೇಜಾರು. ಬಾಗಿಲು ತೆಗೆದು, ಚೆನ್ನಾಗಿ ಮಾತಾಡಿಸಿ, ವೋಟು ಮಾತ್ರ ಹಾಕಲ್ಲ ಅಂದ್ರು."

"ಆಚೆ ನಡಿ," ಎಂದರು ಮಾವ.

ಅವನು ಚಪ್ಪಲಿ ಮೆಟ್ಟಿ ಹೊರಟ. ನನ್ನ ನಾದಿನಿ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದವಳು ನನ್ನ ಹೆಂಡತಿಗೆ, "ನಮ್ಮಪ್ಪನಿಗೋಸ್ಕರ ಒಂದೇ ಒಂದು ಸುಳ್ಳು ಹೇಳೋಕಾಗಲಿಲ್ವಲ್ಲ ಅಕ್ಕ ಇವರಿಗೆ," ಎಂದು ಅತ್ತಳು. ಅತ್ತು, ಮುಖ ತೊಳೆದುಕೊಂಡು, ಗಂಡನ ಹಿಂದೆಯೇ ಹೋದಳು. ನನ್ನ ಹೆಂಡತಿ ಅವಳು ಹೋದ ದಾರಿಯನ್ನು ನೋಡುತ್ತ ನಿಂತ ರೀತಿಯೂ ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಆಮೇಲೆ ಆದದ್ದು ಊಹಿಸಬಹುದಾದದ್ದೇ. ಆ ಭಾಷೆ ಕಲಿಸುವವನು ಆ ದೇಶದ ಏಜೆಂಟನಲ್ಲದೆ ಮತ್ತೇನು ಎಂದು ಜನ ಆಡಿಕೊಂಡರು. ಅವನ ಕಾಂಪೌಂಡಿಗೆ ಯಾರೋ ಕಪ್ಪು ಬಣ್ಣ ಬಳಿದರು. ಕಾಲೇಜಿನವರು 'ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ' ಎಂದರು. ಗೆದ್ದ ಪಕ್ಷದವರು ಅವನನ್ನು ಹೊಗಳಲು ಬಂದಾಗ, "ಆ ದೇಶದವರು ಕೈ ಹಾಕಿಲ್ಲ ಅಂತ ನಾನು ಹೇಳಿಲ್ಲವಲ್ಲ," ಎಂದು ಅವರನ್ನೂ ಬಾಗಿಲಿಂದಲೇ ಸಾಗಹಾಕಿದ. ಹೀಗೆ ಊರಿನಲ್ಲಿ ಅವನ ಪರವಾಗಿ ಯಾರೂ ಇಲ್ಲದಂತಾಯಿತು.

ನಾನೊಂದು ಸಂಜೆ ನೋಡಲು ಹೋದೆ. ಕುಗ್ಗಿರುತ್ತಾನೆ, ಸಮಾಧಾನ ಹೇಳೋಣ ಎಂದುಕೊಂಡು ಹೋದವನಿಗೆ, ನಿಜ ಹೇಳಬೇಕೆಂದರೆ, ಆ ದೃಶ್ಯದ ಬಗ್ಗೆ ಒಂದು ಆಸೆಯೂ ಇತ್ತು. ಅವನು ಕುಗ್ಗಿಯೇ ಇದ್ದ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನನಗೆ ಬರಬೇಕಾಗಿದ್ದ ತೃಪ್ತಿ ಏಕೋ ಬರಲಿಲ್ಲ.

"ಗೂಢಭಾಷೆ ಹೌದು ಅಂದುಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದೆ.

"ಆ ದೇಶದವರು ಕೈ ಕಟ್ಕೊಂಡು ಕೂತಿರ್ತಾರೆ ಅಂತ ನಂಬೋಷ್ಟು ದಡ್ಡ ಅಲ್ಲ ಅಣ್ಣ ನಾನು. ಆದ್ರೆ ನಾನು ಕೇಳಿದ್ದು ಬೀಗದ ಕೈ ಜಗಳ. ಅದನ್ನ ಬೇರೆ ಏನೋ ಅಂತ ಹೇಗೆ ಹೇಳಲಿ? ನಾಳೆ ನಿಜವಾಗ್ಲೂ ಏನಾದ್ರೂ ಸಿಕ್ಕಿದ್ರೆ ಆವಾಗ ನನ್ನ ಮಾತು ಯಾರು ನಂಬ್ತಾರೆ?" ಆಮೇಲೆ ಕೇಳಿದ: "ಮಾವ ಊಟ ಸರಿಯಾಗಿ ಮಾಡ್ತಿದಾರಾ?"

ಮಾಡುತ್ತಿರಲಿಲ್ಲ. ನನ್ನ ಅಂಕಣಗಳನ್ನು ನಾನೇ ಓದಿ ಹೇಳಿದರೂ ಅವರು ಮೊದಲಿನಂತೆ ಕಿವಿಗೊಡುತ್ತಿರಲಿಲ್ಲ, ನಡುವೆ ತಟ್ಟನೆ, "ಆ ಬಸ್ಸು ನಿಂತಿದ್ದು ಯಾವಾಗ?" ಎಂದು ಕೇಳಿ ನನ್ನ ವಾಕ್ಯದ ಲಯ ಕೆಡಿಸುತ್ತಿದ್ದರು.

ಎಷ್ಟೋ ತಿಂಗಳ ಮೇಲೆ ವಿಚಾರಣಾ ಸಮಿತಿಯ ವರದಿ ಬಂತು. ಹೊರಗಿನಿಂದ ಸುಳ್ಳು ಸುದ್ದಿ ಹಬ್ಬಿಸುವ ಪ್ರಯತ್ನ ಅಲ್ಲಿಷ್ಟು ಇಲ್ಲಿಷ್ಟು ನಡೆದದ್ದು ಹೌದು. ಅದರಿಂದ ಫಲಿತಾಂಶ ಬದಲಾಯಿತೆನ್ನಲು ಆಧಾರವಿಲ್ಲ ಎಂದಿತ್ತು. ನಮ್ಮವರು ಮೊದಲರ್ಧವನ್ನು ಎತ್ತಿಕೊಂಡು ಕುಣಿದರು, ಗೆದ್ದವರು ಉತ್ತರಾರ್ಧವನ್ನು. ನಾನು ಮೊದಲರ್ಧದ ಮೇಲೆ ಪುಟ ತುಂಬ ಬರೆದೆ. ಅಂದು ಷಡ್ಡಕ ಅಷ್ಟು ದಿನಗಳ ಮೇಲೆ ಮಾವನ ಮನೆಯ ಮೆಟ್ಟಿಲು ಹತ್ತಿ ಬಂದು, ಹೊಸಿಲಾಚೆಯೇ ನಿಂತು, "ಸ್ವಲ್ಪ ಇತ್ತಂತೆ, ಮಾವ. ಅಷ್ಟೂ ಇರಲಿಕ್ಕಿಲ್ಲ ಅಂತ ನಾನು ಮನಸ್ಸಲ್ಲಿ ಅಂದ್ಕೊಂಡಿದ್ದೆ. ನಂದು ತಪ್ಪು," ಎಂದ. ಗೆದ್ದವನೂ ಸೋತವನೂ ಅಲ್ಲದ ದನಿ. ಹೊರಗೆ ಮೋಡವಾಗಿದೆ ಎಂದು ಹೇಳಿದಷ್ಟು ಸಲೀಸು. ಅವನ ಕೂದಲನ್ನು, ಅವನ ಕೋಟನ್ನು, ಹಿಂದೆಯೇ ಹೋದ ಹೆಂಡತಿಯನ್ನು ಕಂಡು ಪಟ್ಟ ಹೊಟ್ಟೆಯುರಿಯೆಲ್ಲ ಏನೂ ಅಲ್ಲ; 'ನಂದು ತಪ್ಪು' ಎಂದ ಆ ಸಲೀಸಿಗೆ ನನ್ನ ಒಡಲು ಬೆಂದಂತೆ ಎಂದೂ ಬೆಂದಿಲ್ಲ.

ಮಾವ ಗೂಟದಿಂದ ಟೋಪಿ ತೆಗೆದುಕೊಂಡರು. "ಯಾರ್ಯಾರು ವೋಟು ಹಾಕಲ್ಲ ಅಂದ್ರೋ ಅವರ ಮನೆ ತೋರಿಸು ಬಾ."

"ಯಾಕೆ ಮಾವ? ಚುನಾವಣೆ ಇನ್ನೂ ದೂರ ಇದೆ," ಎಂದೆ ನಾನು.

"ಚುನಾವಣೆಗಲ್ಲಪ್ಪ. ಬಸ್ಸಿನ ವಿಷಯ ಕೇಳಬೇಕು."

"ಹಾಗಾದ್ರೆ ನಾನೂ ಬರ್ತೀನಿ," ಎಂದು ಎದ್ದೆ.

ಮಾವ ನನ್ನ ಭುಜದ ಮೇಲೆ ಕೈಯಿಟ್ಟರು; ಆ ಕೈಯಲ್ಲಿ ಪ್ರೀತಿಯೇ ಇತ್ತು, ಅದೇ ಸಂಕಟ. "ನೀನು ಬೇಡ ಕಣಪ್ಪ. ನೀನು ನನ್ನ ಪರವಾಗಿ ಮಾತಾಡಿಬಿಡ್ತೀಯ."

ಇಬ್ಬರೂ ಮೆಟ್ಟಿಲಿಳಿದು, ಎದುರುಸಾಲಿನ ಮೊದಲ ಮನೆಯ ಬಾಗಿಲು ತಟ್ಟುವುದನ್ನು ನಾನು ಕಿಟಕಿಯಿಂದ ನೋಡಿದೆ. ಬಾಗಿಲು ತೆರೆದ ಹೆಂಗಸು ಮಾವನನ್ನು ಕಂಡು ಮುಖ ಗಂಟಿಕ್ಕಿದಳು. ಮಾವ ಏನೋ ಕೇಳಿದರು. ಅವಳು ಕೈ ಬೀಸಿ ಬೀಸಿ ಬಯ್ಯತೊಡಗಿದಳು. ಮಾವ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಕೇಳುತ್ತಲೇ ನಿಂತರು. ಅಷ್ಟು ದಿನಗಳಲ್ಲಿ ಅವರ ಬೆನ್ನು ಅಷ್ಟು ನೆಟ್ಟಗಿದ್ದುದನ್ನು ನಾನು ಕಂಡಿರಲಿಲ್ಲ.

ಇಂಥವರು ಪ್ರತಿ ಬಂಧುಬಳಗದಲ್ಲೂ ಒಬ್ಬೊಬ್ಬರು ಹುಟ್ಟುತ್ತಾರೆ, ಬಹುಶಃ ಪ್ರತಿ ದೇಶದಲ್ಲೂ. ನಾವು ಬಯಸಿದ ವೈರಿಯನ್ನು ನಮಗೆ ಒದಗಿಸಲು ಒಪ್ಪದವರು; ದುಃಖದ ಮನೆಯಲ್ಲೂ ಪುರಾವೆ ಕೇಳುವ ಮೊಂಡರು; ಕೈಯಲ್ಲಿರುವಷ್ಟನ್ನೇ ಹೇಳಿ, ಇಲ್ಲದ್ದನ್ನು ಯಾರ ಮೇಲಿನ ಪ್ರೀತಿಗೂ ಸೇರಿಸದವರು. ಇವರನ್ನು ಜನ ಬೇಗ ಇಷ್ಟಪಡುವುದಿಲ್ಲ, ಬೈಯುತ್ತಾರೆ, ಹೊರಗೆ ಹಾಕುತ್ತಾರೆ. ಅಷ್ಟಕ್ಕೇ ನಿಂತಿದ್ದರೆ ನನ್ನಂಥವರು ಇವರ ಬಗ್ಗೆ ಉದಾರವಾಗಿ ನಾಲ್ಕು ಮಾತು ಬರೆದು ನಿಶ್ಚಿಂತರಾಗಬಹುದಿತ್ತು. ಆದರೆ ಇಂಥವರ ಬಾಯಿಂದ ಒಮ್ಮೆ ನಿಜ ಕೇಳಿದವರಿಗೆ ಆಮೇಲೆ ಬೇರೆಯವರ ಹೊಗಳಿಕೆ ರುಚಿಸುವುದೇ ಇಲ್ಲ. ಹೊಗಳಿಕೆಯೊಂದನ್ನೇ ಕೈಯಲ್ಲಿ ಹಿಡಿದುಕೊಂಡು ಬಂದವರು ಇವರನ್ನು ಹೇಗೆ ಕ್ಷಮಿಸಬೇಕು?