ಬುಗುಡಿ ತಿಂದ ಕೆಂಪು ದೀಪ

ಕಾರಿನ ಮುಂದಿನ ಹಲಗೆಯಲ್ಲಿ, ಡ್ರೈವರ್ ಹಿಡಿಯುವ ಚಕ್ರದ ಪಕ್ಕಕ್ಕೆ, ಗುಲಗಂಜಿಯಷ್ಟು ಗಾತ್ರದ ಒಂದು ಕೆಂಪು ದೀಪವಿತ್ತು. ಗಾತ್ರ ಗುಲಗಂಜಿಯದು, ಹೊಟ್ಟೆ ಮಾತ್ರ ಬಕಾಸುರನದು. ಮೊದಲ ಸಲ ಹೊತ್ತಿಕೊಂಡಾಗ ಆ ವರ್ಷದ ರೇಷ್ಮೆಗೂಡಿನ ಲಾಭವನ್ನು ನುಂಗಿತು. ಎರಡನೇ ಸಲ ಗುರುಬಸಮ್ಮನ ಎರಡು ಕಿವಿಯ ಬುಗುಡಿಗಳನ್ನು ನುಂಗಿತು. ಈಗ ಮೂರನೇ ಸಲ ಹೊತ್ತಿಕೊಂಡು ಅವಳ ತೋಳಿನ ಕಡೆ ನೋಡುತ್ತಿತ್ತು.

ತೋಳಿನಲ್ಲಿ ಬಂಗಾರದ ನಾಗಮುರಿಗೆ ಇತ್ತು. ಮದುವೆಯ ಹಿಂದಿನ ದಿನ ಯಳಂದೂರಿನ ಅಜ್ಜಿ ದೊಡ್ಡಬಸಮ್ಮ ತನ್ನ ತೋಳಿನಿಂದ ಬಿಚ್ಚಿ ಇವಳ ತೋಳಿಗೆ ಸುತ್ತಿದ್ದಳು. "ಇದು ನನ್ನವ್ವಂದು, ಆಮೇಲೆ ನಂದು, ಈಗ ನಿಂದು. ಹೆಣ್ಣಿನ ತೋಳಿಂದ ಹೆಣ್ಣಿನ ತೋಳಿಗೇ ಓಗ್ಬೇಕು. ನಡುವೆ ತಕ್ಕಡಿಗೆ ಬೀಳ್ಬಾರ್ದು ಕಣವ್ವ" ಎಂದಿದ್ದಳು.

ಆ ಸೋಮವಾರ ಬೆಳಿಗ್ಗೆ ಅತ್ತೆ ಶಿವರತ್ನಮ್ಮ ಅದನ್ನು ಚಿಟಿಕೆ ಉಪ್ಪು ಕೇಳುವ ಹಾಗೆ ಕೇಳಿಬಿಟ್ಟರು.

"ಗುರುಬಸವ್ವ, ಒಸಿ ನಾಗಮುರಿಗೆ ಬಿಚ್ಕೊಡು. ದೀಪ ತಿರುಗಾ ಹತ್ಕಂಡದಂತೆ. ಇನ್ನೊಂದ್ಸಲ ಹತ್ತಿದ್ರೆ ಡೈನಮೋನೇ ಹೊಸದಾಕ್ಬೇಕು, ನೂರಾ ನಲವತ್ತು ಆಯ್ತದೆ ಅಂತ ಆ ರಿಪೇರಿ ಕೆಂಚಯ್ಯ ಮೇಸ್ತ್ರಿ ಆಗ್ಲೇ ಅಂದಿದ್ನಲ್ಲ. ಮುಂದ್ಲ ಬೆಳೆಗೆ ಬುಡಿಸ್ಕೊಟ್ಟಾರು."

"ಬುಗುಡಿ ತಕ್ಕಂಡಾಗ್ಲೂ ಇಂಗೇ ಅಂದಿದ್ರಿ ಅತ್ತೆ."

"ಅಂದಿದ್ದೆ. ಬೆಳೆ ಬರೋದ್ ಬ್ಯಾಡ್ವಾ?"

ಗುರುಬಸಮ್ಮನಿಗೆ ಮೈಯೆಲ್ಲ ಉರಿಯಿತು. ಬೆಳೆ ಬಂದಿತ್ತು. ಬಂದದ್ದನ್ನೆಲ್ಲ ಪೆಟ್ರೋಲು ಕುಡಿದಿತ್ತು. ಆದರೆ ಅತ್ತೆಗೆ ಎದುರು ಮಾತಾಡಿದರೆ ಯಳಂದೂರಿನವರು ಮಗಳನ್ನು ಹೀಗೆ ಬೆಳೆಸಿದರು ಎಂಬ ಮಾತು ಊರೆಲ್ಲ ಹರಡುತ್ತದೆ. ಅವಳು ಸೆರಗು ಸರಿಸಿ ತೋಳು ಮುಂದೆ ಚಾಚಿದಳು.

"ಬತ್ತಾ ಇಲ್ಲ ಅತ್ತೆ. ತೋಳಿಗೆ ಬಿಗ್ದೋಗದೆ. ಕೊಳ್ಳೇಗಾಲದ ಆಚಾರಿನೇ ಕತ್ತರಿಸ್ಬೇಕು."

ಅದು ಸುಳ್ಳು. ಹುಟ್ಟಿದಾಗಿನಿಂದ ಅವಳು ಹೇಳಿದ ಸುಳ್ಳುಗಳನ್ನೆಲ್ಲ ಎಣಿಸಿದರೂ ಇಷ್ಟು ಸಲೀಸಾಗಿ ಬಂದದ್ದು ಇದೊಂದೇ. ಒಡವೆ ಹೋಗುವುದೇ ಆದರೆ ಯಾವ ಕೈಗೆ ಹೋಗುತ್ತದೆಂದು ತಾನೇ ಕಣ್ಣಾರೆ ನೋಡಬೇಕೆಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಕಾರು ಮಧುವನಹಳ್ಳಿಗೆ ಬಂದದ್ದೇ ಸೋಮವಾರದ ದೆಸೆಯಿಂದ. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಹನೂರಿನ ಗೂಡು ವ್ಯಾಪಾರಿಗಳಿಗೆ ಈ ಲೆಕ್ಕವಿಲ್ಲ. ಗೂಡು ಕೊಳ್ಳಲು ಇವರ ಗಾಡಿ ಮಂಗಳವಾರ ಹೋಗುವಷ್ಟರಲ್ಲಿ ಒಳ್ಳೆಯ ಗೂಡೆಲ್ಲ ಖಾಲಿಯಾಗಿರುತ್ತಿತ್ತು. ಸ್ವರಾಜ್ಯ ಬಂದ ನಾಲ್ಕನೇ ವರ್ಷ, ಬೆಟ್ಟದ ಕಾಫಿ ತೋಟದ ದೊರೆಯೊಬ್ಬ ಗಂಟುಮೂಟೆ ಕಟ್ಟಿ ತನ್ನ ಸೀಮೆಗೆ ಹೊರಟಾಗ, ಮಾವ ಪುಟ್ಟಮಾದಪ್ಪನವರು ಅವನ ಹಳೇ ಕಾರು ಕೊಂಡರು. "ಎತ್ತು ಬಸವಣ್ಣ. ಇದೇನು ಬಸವಣ್ಣನಾ? ಸೋಮವಾರ ಓಡ್ಲಿ ಬುಡು" ಎಂದು ಜಗಲಿಯಲ್ಲಿ ಕೂತವರನ್ನೆಲ್ಲ ನಗಿಸಿದರು.

ಬಸವಣ್ಣನಲ್ಲ ಎಂದವರೇ ಅದಕ್ಕೆ ಎತ್ತಿನ ಗಾಡಿಯ ಉಪಚಾರವನ್ನೆಲ್ಲ ಮಾಡಿದರು. ಮುಂದಿನ ಕಂಬಿಗೆ ಗೆಜ್ಜೆ ಕಟ್ಟಿದರು. ಹಣೆಗೆ ವಿಭೂತಿ ಬಳಿದರು. ಗಾಡಿಯ ಕೆಳಗೆ ನೇತಾಡುವಂಥದೇ ಕೀಲೆಣ್ಣೆಯ ಬಿದಿರು ಗೊಟ್ಟವೊಂದನ್ನು ಕಾರಿನ ಹಿಂದೆಯೂ ನೇತುಹಾಕಿದರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಆ ಕೀಲೆಣ್ಣೆಯ ವಾಸನೆ ಕಾರು ಹೋದ ಹಾದಿಗೆಲ್ಲ ಹಿಡಿಯುತ್ತಿತ್ತು. ಸೋಮವಾರ ಮುಂಜಾನೆ ಗಾಡಿಯ ಕೀಲಿಗೆ ಎಣ್ಣೆ ಬಿಟ್ಟು, ಅದೇ ಕೈಯಲ್ಲಿ ಅವರು ಕಾರಿನ ಬಳಿಗೂ ಹೋಗುತ್ತಿದ್ದರು. ಆ ಕೆಲಸವನ್ನು ಮಗನಿಗೂ ಬಿಡುತ್ತಿರಲಿಲ್ಲ.

ಕಾರು ಓಡಿಸುವವನು ಗುರುಬಸಮ್ಮನ ಗಂಡ ಸದಾಶಿವಪ್ಪ. ಮಾವ ಅವನ ಪಕ್ಕದಲ್ಲಿ, ಅವಳು ಹಿಂದೆ, ಗೂಡಿನ ಖಾಲಿ ಮಂಕರಿಗಳ ನಡುವೆ. ದಾರಿಯುದ್ದಕ್ಕೂ ಇಂಜಿನ್ನು ಕಿರ್ ಕಿರ್ ಅಂತ ಕೂಗಿತು, ಕೆಂಪು ದೀಪ ಮಿಟುಕದೆ ಅವಳನ್ನೇ ದಿಟ್ಟಿಸಿತು. ಅವಳಿಗೆ ಅಜ್ಜಿ ಹೇಳುತ್ತಿದ್ದ ಕತೆಯೊಂದು ನೆನಪಾಯಿತು. ಒಬ್ಬ ರಾಜನ ಕುದುರೆ ರಾತ್ರಿಯೆಲ್ಲ ಕೆಂಪು ಕಣ್ಣೀರು ಸುರಿಸುತ್ತಿತ್ತಂತೆ. ವೈದ್ಯ ಬರುವನಂತೆ, ಬೊಗಸೆ ವರಹ ಇಸಿದುಕೊಳ್ಳುವನಂತೆ, ಕುದುರೆ ನಾಲ್ಕು ದಿನ ನಗುವುದಂತೆ, ಐದನೇ ದಿನ ತಿರುಗಿ ಅಳುವುದಂತೆ. ರಾಣಿಯ ಕೊರಳು ಬರಿದಾದ ಮೇಲೆ ಲಾಯ ಗುಡಿಸುವವಳು ಕಂಡು ಹಿಡಿದಳಂತೆ: ಕಡಿವಾಣದ ಕೆಳಗೆ ಒಂದು ಜಾಲಿ ಮುಳ್ಳು. ತೆಗೆಯುವವನೂ ವೈದ್ಯ, ಹೋಗುವಾಗ ಮತ್ತೆ ಚುಚ್ಚುವವನೂ ವೈದ್ಯ.

'ಮುಳ್ಳು ಚುಚ್ತಾವ್ನೆ ಕೆಂಚಯ್ಯ' ಎಂದು ಅವಳು ಹಲ್ಲು ಕಚ್ಚಿದಳು. 'ಇವತ್ತು ಅವನ ಕೈ ಮೇಲಿಂದ ಕಣ್ಣು ಕೀಳಾಕಿಲ್ಲ.'

ಕೊಳ್ಳೇಗಾಲದಲ್ಲಿ ಬಸ್ಸು ನಿಲ್ಲುವ ಜಾಗದ ಹಿಂದೆ ಕೆಂಚಯ್ಯನ ತಗಡಿನ ಶೆಡ್ಡು. ಅವನು ಕಾರಿನ ಗೆಜ್ಜೆ ಸದ್ದು ಕೇಳಿಯೇ ಹಲ್ಲು ಕಿರಿದ. "ಬನ್ನಿ ಯಜಮಾನ್ರೇ, ನಾನೇಳ್ಲಿಲ್ವಾ? ನೀವು ಕಾಪಿ ಕುಡ್ಕಂಡು ಬನ್ನಿ, ಒಸಿ ಒಳಗೆ ನೋಡಿ ಏಳ್ತೀನಿ."

ಗಂಡಸರು ಎದುರಿನ ಹೋಟೆಲಿಗೆ ಹೋದರು. ಹೆಂಗಸು ಹೋಟೆಲಿಗೆ ಹೋಗುವಂತಿಲ್ಲವಾದ್ದರಿಂದ ಗುರುಬಸಮ್ಮ ಕಾರಿನಲ್ಲೇ ಉಳಿದಳು. ಕೆಂಚಯ್ಯ ಅವಳತ್ತ ಕಣ್ಣೆತ್ತಿಯೂ ನೋಡಲಿಲ್ಲ. ಅವನ ಪಾಲಿಗೆ ಅವಳೂ ಒಂದು ಮಂಕರಿ.

ಅವನು ಬಾನೆಟ್ಟಿನ ಒಂದು ರೆಕ್ಕೆ ಎತ್ತಿದ. ಮುಂದಿನ ಗಾಜಿನ ಮೂಲಕ ಅವನ ತಲೆ, ಕೈ ಎರಡೂ ಅವಳಿಗೆ ಚೆನ್ನಾಗಿ ಕಾಣುತ್ತಿದ್ದವು. ಕರೆಂಟು ಹುಟ್ಟಿಸುವ ಡೈನಮೋವನ್ನು ತಿರುಗಿಸುವ ಬೆಲ್ಟನ್ನು ಅವನು ಬೆರಳಲ್ಲಿ ಮುಟ್ಟಿ, ಮೂಗಿಗೆ ಹಿಡಿದು ಮೂಸಿ, ಗುಳುಗುಳು ನಕ್ಕ.

"ಅಯ್ಯೋ ನಮ್ಮಪ್ಪ! ಈ ಸಲ ಅರ್ಧ ಗೊಟ್ಟ ಸುರ್ದವ್ನೆ!"

ಒಂದು ಚಿಂದಿಯನ್ನು ಪೆಟ್ರೋಲಿನಲ್ಲಿ ಅದ್ದಿದ. ಬೆಲ್ಟನ್ನೂ ಅದು ಸುತ್ತುವ ಚಕ್ರಗಳನ್ನೂ ಗಸಗಸ ಒರೆಸಿದ, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿದ. ಡೈನಮೋ ಕಡೆಗೆ ತಿರುಗಿ ಕೂಡ ನೋಡಲಿಲ್ಲ. ಬಾಗಿಲಿಂದ ಒಳಕ್ಕೆ ಬಗ್ಗಿ ಇಂಜಿನ್ನು ಚಾಲೂ ಮಾಡಿದ. ಕಿರ್ ಎನ್ನುವ ಸದ್ದಿಲ್ಲ. ಕೆಂಪು ದೀಪ ಒಮ್ಮೆ ಮಿಣಕ್ಕೆಂದು ಆರಿಹೋಯಿತು. ಅವನು ಇಂಜಿನ್ನು ನಿಲ್ಲಿಸಿ, ಚಿಂದಿಯನ್ನು ಪಕ್ಕಕ್ಕೆ ಎಸೆದು, ಬೀಡಿ ಹಚ್ಚಿಕೊಂಡ.

ಚಿಂದಿ ಬಿದ್ದದ್ದು ಅವಳ ಕಿಟಕಿಯ ಕೆಳಗೆ. ಪೆಟ್ರೋಲಿನ ಘಾಟಿನ ಅಡಿಯಲ್ಲಿ ಇನ್ನೊಂದು ವಾಸನೆ ಏಳುತ್ತಿತ್ತು. ಅದು ಅವಳ ಗಂಡನ ಮನೆಯ ಕೊಟ್ಟಿಗೆಯ ವಾಸನೆ. ಹರಳೆಣ್ಣೆ. ಸುಟ್ಟ ಹುಲ್ಲು.

ಮುಳ್ಳು ಚುಚ್ಚುತ್ತಿದ್ದವನು ವೈದ್ಯನಲ್ಲ. ಮನೆಯ ಯಜಮಾನನೇ! ಬೆಲ್ಟು ಚಳಿಗೆ ಒಂದು ದಿನ ಕಿರ್ ಎಂದಿರಬೇಕು. ಗಾಡಿಯ ಕೀಲು ಕಿರ್ ಎಂದರೆ ಎಣ್ಣೆ ಬಿಡುವ ಕೈ ಇದಕ್ಕೂ ಬಿಟ್ಟಿತು. ಎಣ್ಣೆಗೆ ಬೆಲ್ಟು ಜಾರಿತು, ಜಾರಿದ್ದಕ್ಕೆ ಮತ್ತಷ್ಟು ಕೂಗಿತು, ಕೂಗಿದಷ್ಟೂ ಮಾವ ಎಣ್ಣೆ ಹುಯ್ದರು. ಡೈನಮೋ ತಿರುಗದೆ ದೀಪ ಹತ್ತಿತು. ಮೂರು ಸಲವೂ ಸೋಮವಾರವೇ ಹತ್ತಿತ್ತಲ್ಲ! ಅದನ್ನು ಕಂಡೂ ಕಂಡೂ ಇವನು ಒರೆಸಿ, ಒರೆಸಿದ್ದಕ್ಕೆ ಬುಗುಡಿಯ ದುಡ್ಡು ಇಸಿದುಕೊಂಡ.

ಗಂಡಸರು ಹೋಟೆಲಿನಿಂದ ಬಂದರು. ಕೆಂಚಯ್ಯ ಬೀಡಿ ಎಸೆದು ಸೂತಕದ ಮುಖ ಮಾಡಿದ.

"ಒಳಗಡೆ ಸುತ್ತಿರೋ ತಂತಿನೆಲ್ಲ ಸುಟ್ಟೋಗದೆ ಯಜಮಾನ್ರೇ. ಹೊಸದಕ್ಕೆ ಕ್ವಾಯಮತ್ತೂರಿಗೇ ಬರೀಬೇಕು. ನೂರಾ ನಲವತ್ತು ಅಂದಿದ್ದೆ. ಈಗ ನೂರೈವತ್ತು ಆಗದೆ."

"ಸುಟ್ಟಿರೋದು ನಿನ್ನ ನಾಲಿಗೆ ಕಣಯ್ಯ!"

ಕಾರಿನ ಬಾಗಿಲು ತೆರೆದು ಗುರುಬಸಮ್ಮ ಕೆಳಗಿಳಿದಿದ್ದಳು. ಮೂರು ವರ್ಷದಿಂದ ಬಾಗಿಲ ಮರೆಯಲ್ಲಿ ನಿಂತು ಮಾತಾಡಿದ ಸೊಸೆಯ ದನಿ ಇಷ್ಟು ದೊಡ್ಡದೆಂದು ಪುಟ್ಟಮಾದಪ್ಪನವರಿಗೆ ಗೊತ್ತೇ ಇರಲಿಲ್ಲ. ಸದಾಶಿವಪ್ಪ, "ಲೇ, ಏನೇ ಇದು, ರಸ್ತೇಲಿ" ಎಂದು ಮುಂದೆ ಬಂದ. ಅವಳು ಕೇಳಲಿಲ್ಲ. ನೇರ ಕಾರಿನ ಹಿಂದಕ್ಕೆ ಹೋಗಿ ಬಿದಿರು ಗೊಟ್ಟವನ್ನು ಬಿಚ್ಚಿಕೊಂಡು ಬಂದು, ಇಂಜಿನ್ನಿನ ಬೆಲ್ಟಿನ ಮೇಲೆ ಕೀಲೆಣ್ಣೆ ಸುರಿದಳು.

"ಈಗ ಚಾಲೂ ಮಾಡಿ ಇಂಜಿನ್ನು" ಎಂದಳು ಗಂಡನಿಗೆ.

ಅವಳ ಮುಖ ನೋಡಿ ಅವನು ಚಾಲೂ ಮಾಡಿದ. ಕಿರ್ರೋ ಎಂದಿತು. ಗುಲಗಂಜಿ ದೀಪ ಹೊತ್ತಿಕೊಂಡಿತು.

"ನಿಲ್ಸಿ." ಅವಳು ಪೆಟ್ರೋಲು ಚಿಂದಿಯನ್ನು ಎತ್ತಿ ಕೆಂಚಯ್ಯನ ಎದೆಗೆ ಎಸೆದಳು. "ಒರ್ಸಯ್ಯ. ಆಗ್ಲೇ ನಕ್ಕೊಂಡು ಒರೆಸ್ದಲ್ಲ, ಈಗ ಇವರ ಮುಂದೆ ಒರ್ಸು."

ಹೋಟೆಲಿನಲ್ಲಿ ಕೂತವರೆಲ್ಲ ಲೋಟ ಹಿಡಿದುಕೊಂಡೇ ಬೀದಿಗೆ ಬಂದಿದ್ದರು. ಅಷ್ಟು ಕಣ್ಣುಗಳ ಮುಂದೆ ಕೆಂಚಯ್ಯ ಒರೆಸಿದ. ಇಂಜಿನ್ನು ಚಾಲೂ ಮಾಡಿದರೆ ಸದ್ದಿಲ್ಲ, ದೀಪವಿಲ್ಲ. ಯಾರೋ ಹಿಂದಿನಿಂದ, "ಭಲೆ ಮೇಸ್ತ್ರಿ, ಒರ್ಸೋಕೆ ನೂರೈವತ್ತಾ? ನಮ್ಮನೆ ಪಾತ್ರೆ ಒಸಿ ಅವೆ, ಬತ್ತೀಯಾ?" ಎಂದರು.

ಕೆಂಚಯ್ಯನಿಗೆ ರೇಗಿತು. "ಎಣ್ಣೆ ಹುಯ್ದೋನು ನಾನಾ? ಕಾರಿಗೆ ಕೀಲೆಣ್ಣೆ ಹುಯ್ಯೋ ಗಮಾರರಿಗೆ ನಾನೇನು ಪಾಠ ಏಳ್ಬೇಕಾ? ಕೇಳಿ ನಿಮ್ಮ ಯಜಮಾನ್ರನ್ನೇ!"

ಪುಟ್ಟಮಾದಪ್ಪನವರ ಮುಖ ಕಪ್ಪಿಟ್ಟಿತು. ಕೈಯಲ್ಲಿದ್ದ ಟವಲನ್ನು ಹಿಂಡಿದರು. ಅವರು ಈಗ ತನ್ನ ಮೇಲೆಯೇ ಬೀಳುತ್ತಾರೆ, ತವರಿಗೆ ನಡಿ ಎನ್ನುತ್ತಾರೆ ಎಂದು ಗುರುಬಸಮ್ಮ ಬೆನ್ನು ಗಟ್ಟಿ ಮಾಡಿಕೊಂಡು ನಿಂತಳು.

"ನಾನೇ ಹುಯ್ದೆ ಕಣ್ಲಾ" ಎಂದರು ಅವರು. "ಗೊತ್ತಿಲ್ದೆ ಹುಯ್ದೆ. ಗೊತ್ತಿದ್ದೂ ಒರೆಸ್ದೋನು ನೀನು. ತೆಗಿ ದುಡ್ಡ."

ಕೆಂಚಯ್ಯ ಗೊಣಗುತ್ತ ಒಳಗೆ ಹೋಗಿ ಮೂವತ್ತು ರೂಪಾಯಿ ತಂದ. ಬುಗುಡಿಯನ್ನು ಆಚಾರಿಯ ಬಳಿ ಒತ್ತೆಯಿಟ್ಟು ಕೊಟ್ಟದ್ದು ಅರವತ್ತು. "ಅರ್ಧ ತಕ್ಕಳಿ, ಅರ್ಧಕ್ಕೆ ಮುಂದೆ ಕೆಲ್ಸ ಮಾಡ್ಕೊಡ್ತೀನಿ" ಎಂದ. ಪುಟ್ಟಮಾದಪ್ಪನವರ ಕೈ ನೋಟಿನ ಕಡೆ ಚಾಚಿತು.

"ಮೂವತ್ತಕ್ಕೆ ಆಚಾರಿ ಒಂದು ಕಿವೀದು ಕೊಡ್ತಾನೆ" ಎಂದಳು ಗುರುಬಸಮ್ಮ. "ಇನ್ನೊಂದು ಕಿವಿಗೆ ಏನು ನಿನ್ನ ಡೈನಮೋ ನೇತಾಕ್ಕಳ್ಲಾ?"

ಬೀದಿ ಘೊಳ್ಳೆಂದು ನಕ್ಕಿತು. ಅವಳು ಮಾತ್ರ ನಗಲಿಲ್ಲ. ಕೆಂಚಯ್ಯ ಉಳಿದ ಮೂವತ್ತನ್ನೂ ತಂದಿಟ್ಟ. ಮೊದಲ ಸಲ ಕೊಟ್ಟಿದ್ದ ರೇಷ್ಮೆಯ ಲಾಭದ ಮಾತನ್ನು ಮಾವ ತಾವೇ ಎತ್ತಿದರು. ಆ ಜಗಳ ದೊಡ್ಡದಾಗಿಯೇ ನಡೆಯಿತು. ಕೊನೆಗೆ ಊರ ಹಿರಿಯರ ಮುಂದೆ ಬರುತ್ತೇನೆಂದು ಕೆಂಚಯ್ಯ ಒಪ್ಪಿದ.

ಆಚಾರಿಯ ಅಂಗಡಿಯ ಮುಂದೆ ಕಾರು ನಿಂತಾಗ ಪುಟ್ಟಮಾದಪ್ಪನವರೇ ಇಳಿದು ಹೋದರು. ಬಂದು, ಕಿಟಕಿಯಿಂದ ಒಂದು ಪೊಟ್ಟಣವನ್ನು ಒಳಕ್ಕೆ ನೀಡಿದರು. ತಪ್ಪಾಯ್ತು ಎನ್ನಲಿಲ್ಲ. ಆ ಮಾತು ಅವರ ಬಾಯಿಗೆ ಬರುವಂಥದಲ್ಲ. ಗುರುಬಸಮ್ಮ ಅಲ್ಲೇ ಒಂದೊಂದಾಗಿ ಎರಡೂ ಬುಗುಡಿ ಇಟ್ಟುಕೊಂಡಳು.

ಮಾವ ಕಿಟಕಿಯ ಬಳಿಯೇ ನಿಂತಿದ್ದರು. "ತೋಳು ನೋಯ್ತದೇನವ್ವ? ಬಿಗ್ದೋಗದೆ ಅಂದ್ಯಂತೆ. ಕತ್ತರಿಸೋದು ಬ್ಯಾಡ, ಒಸಿ ಸಡ್ಲ ಮಾಡ್ಸಾನ, ಆಚಾರಿ ಇಲ್ಲೇ ಅವ್ನೆ."

ಅವಳು ಎರಡು ಬೆರಳಲ್ಲಿ ನಾಗಮುರಿಗೆಯನ್ನು ಮೊಣಕೈವರೆಗೆ ಸರಕ್ಕನೆ ಇಳಿಸಿ, ಅಷ್ಟೇ ಸಲೀಸಾಗಿ ಮೇಲಕ್ಕೆ ಏರಿಸಿದಳು.

ಅವರು ಅದನ್ನೇ ನೋಡಿದರು.

"ಕೇಳಿದಾಗ ಮಾತ್ರ ಬಿಗೀತದೆ ಮಾವ" ಎಂದಳು.

ಪುಟ್ಟಮಾದಪ್ಪನವರು ಮುಂದೆ ಹೋಗಿ ಕೂತರು. ಕಾರು ಮಧುವನಹಳ್ಳಿಯ ಕಡೆ ತಿರುಗಿತು. ಸೀಟಿನ ಮೇಲೆ, ಅವಳ ಪಕ್ಕದಲ್ಲಿ, ಖಾಲಿ ಗೊಟ್ಟ ಉರುಳಾಡುತ್ತಿತ್ತು. ಅದನ್ನು ಕಾರಿನ ಹಿಂದಕ್ಕೆ ಮತ್ತೆ ಕಟ್ಟು ಎಂದು ಯಾರೂ ಅವಳಿಗೆ ಹೇಳಲಿಲ್ಲ.