ಮೊದಲು ಗೊಂಡರ್, ಆಮೇಲೆ ಬೆಟ್ಟ

ಮಕ್ಕಳ ವಾರ್ಡಿನ ಪಾಳಿ ಮುಗಿಸಿ ಮನೆಗೆ ಬಂದರೆ ಸೆಬ್ಲೆ ಮೊದಲು ಮಾಡುವುದು ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು ಕೂರುವುದು. ಮಾತು, ಊಟ ಎಲ್ಲ ಆಮೇಲೆ. ಮಳೆ ನಿಂತಾಗಿನಿಂದ ಅವಳ ಮಾತೆಲ್ಲ ರಜೆಯದೇ ಆಗಿತ್ತು. ಅವಳ ಗಂಡ ಗಾಶಾವ್ ಅಡಿಸ್ ಅಬಾಬದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಅವನ ನಡುವರ್ಷದ ರಜೆಗೂ ಅವಳ ರಜೆಗೂ ಎಷ್ಟೋ ವರ್ಷಗಳ ಮೇಲೆ ಹೊಂದಿಕೆಯಾಗಿತ್ತು.

"ಮೊದಲು ಗೊಂಡರ್. ಅರಮನೆ, ದೇವದೂತರ ಚಿತ್ರ ಇರೋ ಇಗರ್ಜಿ, ಪೇಟೆ. ಆಮೇಲೆ ಸಿಮಿಯೆನ್ ಬೆಟ್ಟ. ಅಲ್ಲಿ ಬರೀ ನಡೆಯೋದು," ಅಂದಳು.

ಗಾಶಾವ್ ಉತ್ತರಪತ್ರಿಕೆಗಳಿಂದ ತಲೆ ಎತ್ತಲಿಲ್ಲ. "ಗೊಂಡರ್ ಸಾಕು ಬಿಡು."

"ಯಾಕೆ ಸಾಕು?"

"ಇಡೀ ದಿನ ವಾರ್ಡಲ್ಲಿ ನಡೀತೀಯ. ರಜೆಯಲ್ಲೂ ನಡೀಬೇಕಾ?"

"ವಾರ್ಡಲ್ಲಿ ಯಾರಾದ್ರೂ ಕರೆದ ಕಡೆ ನಡೀತೀನಿ. ಯಾರೂ ಕರೆಯದೆ ನಡೆದು ಎಷ್ಟು ದಿನ ಆಯ್ತೋ."

ಅವನು ಮುಂದಿನ ಉತ್ತರಪತ್ರಿಕೆ ಎಳೆದುಕೊಂಡ. ಮರುದಿನ ಬೆಟ್ಟದ ಮೇಲೆ ಚಳಿ ಅಂದ. ಅದರ ಮರುದಿನ ಮಂಡಿನೋವು ಅಂದ. ಮತ್ತೊಂದು ಸಂಜೆ, ಬೆಟ್ಟದ ದಾರಿಯ ಲಾರಿಗಳ ಧೂಳಿನಿಂದ ಅವಳ ಕೆಮ್ಮು ಕೆರಳುತ್ತದೆ ಅಂದ. ಸೆಬ್ಲೆ ಒಂದೊಂದಕ್ಕೂ ಉಪಾಯ ಹುಡುಕಿದಳು. ಸಾಮಾನಿಗೆ ಹೇಸರಗತ್ತೆ, ಚಳಿಗೆ ಅಣ್ಣನ ಮನೆಯ ದಪ್ಪ ಹೊದಿಕೆ, ಅವನ ಮಂಡಿಗೆ ಎಣ್ಣೆ. ಹುಡುಕಿ ಹುಡುಕಿ ಅವಳಿಗೂ ಸಾಕಾಯಿತು. ರಜೆ ಬರುವ ಮುಂಚೆಯೇ ರಜೆಯಿಂದ ದಣಿವಾಗುವುದು ಅಂದರೆ ಇದೇ ಇರಬೇಕು ಅನ್ನಿಸಿತು.

ಭಾನುವಾರ ಕಾಫಿ ಹುರಿಯುವ ಹೊತ್ತಿಗೆ ಅವಳು ಅತ್ತೆ ಯೆಜಿನಾಗೆ ಫೋನ್ ಮಾಡಿದಳು. ಯೆಜಿನಾ ಬೆಟ್ಟದ ಬುಡದ ದೆಬಾರ್ಕ್ ಪಟ್ಟಣದಲ್ಲಿ ಹಿರಿಮಗಳ ಸಂಸಾರದ ಜೊತೆ ಇದ್ದಳು.

"ಗೊಂಡರ್‌ಗೆ ನಾನೂ ಬರ್ತೀನಿ ಕಣೇ," ಅಂದಳು ಮುದುಕಿ. "ಸಂತೆಗೆ ಹೋದಾಗೆಲ್ಲ ಆ ಅರಮನೆ ಗೋಡೆ ಪಕ್ಕದಲ್ಲೇ ಈರುಳ್ಳಿ ಮಾರಿದ್ದೀನಿ. ಒಳಗೆ ಹೋಗಿಲ್ಲ."

"ಬೆಟ್ಟಕ್ಕೂ ಬನ್ನಿ ಅತ್ತೆ."

"ಬೆಟ್ಟ ಹತ್ತಿ ಹತ್ತಿ ನನ್ನ ಮಂಡಿ ಸವೆದಿದೆ. ನೀವು ಹೋಗಿ." ಆಮೇಲೆ ದನಿ ತಗ್ಗಿಸಿದಳು. "ಮೇಲೆ ಬರೋಕೆ ಅವನು ಒಪ್ಪಿದ್ನಾ? ನಮ್ಮೂರನ್ನ ಅಲ್ಲಿಂದ ಎತ್ತಿಸಿದ ಮೇಲೆ ಅವನು ಒಂದು ಸಲಾನೂ ಹತ್ತಿಲ್ಲ."

ಸೆಬ್ಲೆ ಹುಟ್ಟಿ ಬೆಳೆದದ್ದು ಅಡಿಸ್‌ನಲ್ಲಿ. ಗಂಡನ ಹಳ್ಳಿ ಮೊದಲು ಮೇಲೆ ಬಾರ್ಲಿ ಹೊಲಗಳ ನಡುವೆ ಇತ್ತು, ರಾಷ್ಟ್ರೀಯ ಉದ್ಯಾನದ ಕಾಡುಮೃಗಗಳಿಗಾಗಿ ಅಲ್ಲಿಯವರೆಲ್ಲ ಕೆಳಗೆ ಬಂದರು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ಅದನ್ನು ಈ ರಜೆಯ ಪಕ್ಕದಲ್ಲಿಟ್ಟು ನೋಡಿರಲಿಲ್ಲ.

ಕಾಫಿಯ ಮೂರನೇ, ಕೊನೆಯ ಸುತ್ತು ಸುರಿಯುತ್ತಾ ಕೇಳಿದಳು, "ಮೊದಲೇ ಹೇಳಬಾರದಿತ್ತಾ?"

"ಏನಂತ ಹೇಳಲಿ?" ಗಾಶಾವ್ ಬಟ್ಟಲನ್ನು ಕೈಯಲ್ಲೇ ತಿರುಗಿಸಿದ. "ಉದ್ಯಾನದ ಆಫೀಸಿನ ಮುಂದೆ ನಿಂತು ಹೆಸರು ಬರೆಸಬೇಕು. ಟಿಕೆಟ್ ತಗೋಬೇಕು. ನಾನು ಕುರಿ ಕಾಯ್ತಿದ್ದ ಜಾಗಕ್ಕೆ ದಾರಿ ತೋರಿಸೋಕೆ ಬಂದೂಕಿನವನೊಬ್ಬ ಮುಂದೆ ನಡೀತಾನೆ. ಜನ ಕೆಳಗೆ ಬಂದಿದ್ದು ತಪ್ಪು ಅಂತಲ್ಲ, ಸೆಬ್ಲೆ. ಅಕ್ಕನ ಮಕ್ಕಳು ಸ್ಕೂಲಿಗೆ ಹೋಗ್ತಿದ್ದಾರೆ, ಅಮ್ಮನಿಗೆ ಮನೆ ಮುಂದೆ ನಲ್ಲಿ ಇದೆ. ನನಗೆ ಮಾತ್ರ ಅಲ್ಲಿ ಅತಿಥಿಯಾಗಿ ನಿಲ್ಲೋಕೆ ಆಗಲ್ಲ."

"ಸರಿ. ಹಾಗಾದ್ರೆ ಬೆಟ್ಟ ಬೇಡ," ಅಂದಳು ಅವಳು.

ಸಿಟ್ಟಿನಿಂದ ಅಂದದ್ದಲ್ಲ, ವಾದಿಸುವ ಶಕ್ತಿ ಇರಲಿಲ್ಲ. ಆ ವಾರ ವಾರ್ಡಿನಲ್ಲಿ ಇಬ್ಬರು ಮಕ್ಕಳು ತೀರಿಕೊಂಡಿದ್ದರು. ಮನೆಯಲ್ಲಿ ಅವಳು ಅದನ್ನು ಹೇಳಿರಲಿಲ್ಲ. ಬೋಗುಣಿಯ ನೀರು ಆರಿದರೂ ಕಾಲು ತೆಗೆಯದೆ ಕೂತಿರುತ್ತಿದ್ದಳು. ಗಾಶಾವ್ ನಾಲ್ಕು ಸಂಜೆ ಅದನ್ನು ನೋಡಿದ. ಐದನೆಯ ಸಂಜೆ ನೀರು ಬದಲಾಯಿಸಿ ತಂದಿಟ್ಟು, "ಮೊದಲು ಗೊಂಡರ್. ಆಮೇಲೆ ಬೆಟ್ಟ. ಹೋಗೋಣ," ಅಂದ.

"ನನಗೋಸ್ಕರ ಬೇಡ."

"ಮತ್ತೆ ಯಾರಿಗೋಸ್ಕರ? ಹೇಸರಗತ್ತೆಗಾ?"

ಗೊಂಡರ್‌ನಲ್ಲಿ ಯೆಜಿನಾ ಹಬ್ಬದ ಬಿಳಿ ಬಟ್ಟೆ ಉಟ್ಟು ಬಂದಿದ್ದಳು. ಫಾಸಿಲ್ ರಾಜನ ಅರಮನೆಯ ಮೆಟ್ಟಿಲು ಹತ್ತುವಾಗ ಮೂರು ಕಡೆ ಕೂತಳು. "ಪಾಪ, ರಾಜರಿಗೂ ಮಂಡಿ ಇದ್ದಿರಬೇಕು," ಅಂದಳು. ಇಗರ್ಜಿಯಲ್ಲಿ ಸೂರಿನ ತುಂಬ ಬರೆದಿದ್ದ ದೇವದೂತರ ಮುಖಗಳನ್ನು ಕತ್ತು ನೋಯುವಷ್ಟು ಹೊತ್ತು ನೋಡಿ, "ಇಷ್ಟು ಕಣ್ಣು ನೋಡ್ತಿದ್ರೆ ಪಾದ್ರಿಗಳು ತೂಕಡಿಸೋದು ಹೇಗೆ?" ಎಂದು ಸೊಸೆಯ ಕಿವಿಯಲ್ಲಿ ಕೇಳಿದಳು. ಸೆಬ್ಲೆಗೆ ನಗು ಬಂತು. ತಾನು ನಕ್ಕು ಬಹಳ ದಿನವಾಗಿತ್ತು ಎಂದು ಆಗಲೇ ತಿಳಿದದ್ದು.

ಅತ್ತೆಯನ್ನು ದೆಬಾರ್ಕಿನಲ್ಲಿ ಇಳಿಸಿ ಇಬ್ಬರೂ ಉದ್ಯಾನದ ಆಫೀಸಿಗೆ ಹೋದರು. ಗಾಶಾವ್ ಹೆಸರು ಬರೆಸಿ, ಚೀಟಿ ಮಡಚಿ ಜೇಬಿಗಿಟ್ಟ. ಕಾವಲಿಗೆ ಬಂದವನು ಬೇರೆ ಕಣಿವೆಯವನು, ನಡುವಯಸ್ಸಿನವನು, ಮಿತಭಾಷಿ. ದಾರಿಯಲ್ಲಿ ಮರ್ಯಾದೆಗೆ ಕೇಳಿದ, "ಮೇಷ್ಟ್ರು ಮೊದಲನೇ ಸಲ ಬರ್ತಿರೋದಾ?"

ಗಾಶಾವ್ ಹೆಗಲ ಮೇಲಿನ ಚೀಲ ಸರಿಮಾಡಿಕೊಂಡ. "ಹೌದು," ಅಂದ.

ಸೆಬ್ಲೆ ಅವನ ಕಡೆ ನೋಡಿದಳು.

ಎರಡನೇ ದಿನ ಮಧ್ಯಾಹ್ನ, ಹುಲ್ಲು ಹಳದಿಗಟ್ಟಿದ್ದ ಬಯಲಿನಲ್ಲಿ, ಅವನು ಕಾಲುದಾರಿ ಬಿಟ್ಟು ಬಲಕ್ಕೆ ತಿರುಗಿದ. ಕಾವಲಿನವನು ಕೂಗಿ ಕರೆಯಲು ಹೋದವನು ಸೆಬ್ಲೆಯ ಮುಖ ನೋಡಿ ಸುಮ್ಮನಾದ. ಅಲ್ಲಿ ಹುಲ್ಲಿನ ನಡುವೆ ಹಳೇ ಗೋಡೆಯ ಬುಡದಂಥ ಕಲ್ಲಿನ ಒಂದು ಸಾಲು, ಮಳೆಗೆ ಕುಸಿದ ಮಣ್ಣಿನ ದಿಬ್ಬ. ಕಾಲು ತಗುಲಿದ ಕಡೆಯೆಲ್ಲ ಕಾಡುತುಳಸಿಯಂಥ ತೊಸಿನ್ ಸೊಪ್ಪಿನ ಘಮ. ದಿಬ್ಬದಾಚೆ ಕೊಂಬು ಬಾಗಿದ ಕಾಡುಮೇಕೆಯೊಂದು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿತು.

"ನಮ್ಮ ಕಾಲದಲ್ಲಿ ಇವು ಇಷ್ಟು ಹತ್ತಿರ ಬರ್ತಿರಲಿಲ್ಲ," ಅಂದ ಗಾಶಾವ್. "ದೂರದ ಕೊರಕಲಲ್ಲಿ ಒಂದು ಚುಕ್ಕಿ ಕಂಡ್ರೆ ಅಪ್ಪ ನಮ್ಮನ್ನೆಲ್ಲ ಕೂಗಿ ತೋರಿಸ್ತಿದ್ದ."

ಅವನು ಆ ಕಲ್ಲಿನ ಸಾಲಿನ ಪಕ್ಕಕ್ಕೆ ಹೋದ. ಕೂತ, ಆಮೇಲೆ ಚೀಲಕ್ಕೆ ತಲೆಯಿಟ್ಟು ಮಲಗಿದ, ಮಲಗಿದವನಿಗೆ ನಿದ್ದೆ ಹತ್ತಿತು. ಸೆಬ್ಲೆ ಶೂ ಬಿಚ್ಚಿ ಪಕ್ಕದಲ್ಲೇ ಒರಗಿದಳು. ಯಾರೂ ಅವಳನ್ನು ಕರೆಯಲಿಲ್ಲ. ಎಚ್ಚರವಾದಾಗ ಬಿಸಿಲು ಇಳಿದಿತ್ತು, ಕಾವಲಿನವನು ತನ್ನ ಹೊದಿಕೆಯನ್ನು ಅವರಿಬ್ಬರ ಮೇಲೂ ಹಾಕಿ ಆಚೆ ಕೂತಿದ್ದ.

ಮುಂದಿನ ಶಿಖರಕ್ಕೆ ಅವರು ಹೋಗಲಿಲ್ಲ. ಇಬ್ಬರಿಗೂ ಅಷ್ಟೇ ಸಾಕಾಗಿತ್ತು.

ದೆಬಾರ್ಕಿನಲ್ಲಿ ಯೆಜಿನಾ ಮಗನ ಮುಂದೆ ಇಂಜೆರಾ ರೊಟ್ಟಿ ಹರಡಿ, ಅದರ ಮೇಲೆ ಕಡಲೆಹಿಟ್ಟಿನ ಶಿರೊ ಗೊಜ್ಜು ಬಡಿಸಿ, ಕೊನೆಗೆ ಕೇಳಿದಳು, "ಹೇಗಿದೆ?"

"ಹುಲ್ಲು ಚೆನ್ನಾಗಿ ಬೆಳೆದಿದೆ ಅಮ್ಮಾ."

"ಬೆಳೆಯದೆ ಏನು? ಎಷ್ಟು ತಲೆಮಾರು ಗೊಬ್ಬರ ಹೊತ್ತಿದ್ದೇವೆ ಅಲ್ಲಿಗೆ," ಅಂದಳು ಯೆಜಿನಾ. ಮಗನ ತಟ್ಟೆಯ ಅಂಚಿನಿಂದ ಒಂದು ತುತ್ತು ಮುರಿದು, ಸುತ್ತಿ, ಸೊಸೆಯ ಬಾಯಿಗಿಟ್ಟಳು.